ಸಾತರ್‌ಕುಲ್ ಉಸ್ತಾ ಬಿಚ್ಚಿ ನೋಡದ ಕ್ಲಚ್ಚು

ಜನವರಿ ಹನ್ನೊಂದರ ಶನಿವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸಾತರ್‌ಕುಲ್ ಉಸ್ತಾ ತಮ್ಮ ಷೆಡ್ಡಿನಲ್ಲಿ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಕೆಳಗಿಳಿಸಿಟ್ಟ ಗೇರ್‌ಬಾಕ್ಸಿನ ಶಾಫ್ಟಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗ್ರೀಸ್ ಹಚ್ಚುತ್ತಿದ್ದರು. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. ಒಳಗೆ ಕಲ್ಲಿದ್ದಲಿನ ಒಲೆ ಉರಿಯುತ್ತಿದ್ದರೂ ಗೋಡೆಯ ಉಷ್ಣಮಾಪಕ ನಾಲ್ಕರ ಮೇಲೆ ಏರಿರಲಿಲ್ಲ.

ನಾರಿನ್ ಪಟ್ಟಣದಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸುವವರು ಏಳೆಂಟು ಜನ ಇದ್ದಾರೆ. ಉಸ್ತಾ ಎಂದರೆ ಕೆಲಸ ಬಲ್ಲವನು, ಯಾರನ್ನಾದರೂ ಹಾಗೆ ಕರೆಯಬಹುದು. ಆದರೆ ನಮ್ಮ ಕೆಳಬೀದಿಯಲ್ಲಿ ಹೆಸರು ಹೇಳದೆ ಬರೀ ಉಸ್ತಾ ಎಂದರೆ ಅದು ಸಾತರ್‌ಕುಲ್ ಒಬ್ಬರೇ. ಐವತ್ತೆಂಟು ವರ್ಷ. ಹದಿನೆಂಟಕ್ಕೆ ಸರ್ಕಾರಿ ಟ್ರ್ಯಾಕ್ಟರ್ ಡಿಪೋ ಸೇರಿ, ಡಿಪೋ ಮುಚ್ಚಿದ ಮೇಲೆ ಅಲ್ಲಿನದೇ ಎರಡು ಜಾಕು, ಕಬ್ಬಿಣ ಬಿಗಿಹಿಡಿಯುವ ಒಂದು ವೈಸು ಕೊಂಡು ತಂದು ಮನೆಯಂಗಳದಲ್ಲಿ ಷೆಡ್ ಹಾಕಿಕೊಂಡವರು. ಮೂವತ್ತೊಂದು ವರ್ಷದಿಂದ ಅದೇ ಷೆಡ್ಡು.

ಅವರ ಕೆಲಸದ ಕ್ರಮ ನೋಡುವಂಥದ್ದು. ಶಾಫ್ಟಿನ ಉದ್ದುದ್ದ ಹಲ್ಲುಗಳಿಗೆ ಗ್ರೀಸ್ ಸವರಿ, ಅದರ ಮೇಲೆ ಕ್ಲಚ್ ಪ್ಲೇಟನ್ನು ತೂರಿಸಿ, ಹಿಂದೆ ಮುಂದೆ ಆಡಿಸಿ ಹೊರಗೆಳೆಯುತ್ತಾರೆ. ಹೆಚ್ಚಾದ ಗ್ರೀಸು ಹಲ್ಲಿನ ತುದಿಯಲ್ಲಿ ಉಂಗುರದ ಹಾಗೆ ಕೂಡಿಕೊಳ್ಳುತ್ತದೆ. ಅದನ್ನು ಬಟ್ಟೆಯಿಂದ ಒರೆಸುತ್ತಾರೆ. ಇದು ಎರಡು ಸಲ. ಕೊನೆಗೆ ಉಳಿಯುವುದು ಒಂದು ಹೊಳಪು ಮಾತ್ರ. ಕಾರಣ ಸರಳ. ಎಂಜಿನ್ನಿನ ಚಕ್ರಕ್ಕೂ ಅದರ ಮೇಲಿನ ಒತ್ತುಬಿಲ್ಲೆಗೂ ನಡುವೆ ಕ್ಲಚ್ ಪ್ಲೇಟು ಒಣಗಿದ್ದರೆ ಮಾತ್ರ ಹಿಡಿಯುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಶಾಫ್ಟಿನ ಮೇಲೆ ಬಟಾಣಿಯಷ್ಟು ಗ್ರೀಸು ಹೆಚ್ಚಿದ್ದರೂ ಅದು ಸಿಡಿದು ಪ್ಲೇಟಿನ ಮೇಲೆ ಬೀಳುತ್ತದೆ. ಆಮೇಲೆ ಹಿಡಿತ ಜಾರುತ್ತದೆ. ಪೆಡಲ್ ತುಳಿದಾಗ ಕ್ಲಚ್ಚು ಬಿಡಿಸುವ ರಿಲೀಸ್ ಬೇರಿಂಗನ್ನು ಅವರು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಅದನ್ನು ತಳ್ಳುವ ಕವೆಯ ಎರಡು ತುದಿಗೆ, ಅದು ಕೂರುವ ಗುಂಡಿಗೆ ಬೆರಳತುದಿಯಷ್ಟು ಗ್ರೀಸು. ಪ್ಲೇಟಿನ ರಿವೆಟ್ಟು ಎಷ್ಟು ಆಳದಲ್ಲಿದೆ ಎಂದು ಅಳೆದು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯುತ್ತಾರೆ. ಪ್ಲೇಟನ್ನು ಮುಟ್ಟುವ ಮೊದಲು ಬಟ್ಟೆ ಒಗೆಯುವ ಸೋಪು ಹಚ್ಚಿ, ಒಲೆಯ ಮೇಲಿನ ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ತೊಳೆಯುತ್ತಾರೆ. ಈ ಕ್ರಮ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಆ ದಿನ ಮೇಲೆತ್ತಿ ನಿಲ್ಲಿಸಿದ್ದ ವ್ಯಾನು ಬುರುಲ್‌ಳದು. ಬುರುಲ್‌ಗೆ ಮೂವತ್ತೊಂಬತ್ತು. ಹನ್ನೆರಡು ವರ್ಷ ಡೈರಿಯ ಹಾಲಿನ ಲಾರಿ ಓಡಿಸಿ, ನಾಲ್ಕು ವರ್ಷದಿಂದ ಸ್ವಂತ ವ್ಯಾನಿನಲ್ಲಿ ನಾರಿನ್‌ನಿಂದ ದೊಲೊನ್ ಕಣಿವೆದಾರಿ ಹತ್ತಿ ಕೊಚ್ಕೋರ್‌ವರೆಗೆ ಜನರನ್ನು ಸಾಗಿಸುತ್ತಿದ್ದಳು. ಸ್ಟ್ಯಾಂಡಿನ ಮೂವತ್ತೆರಡು ವ್ಯಾನುಗಳ ಸಾಲಿನಲ್ಲಿ ಹೆಣ್ಣು ಅವಳೊಬ್ಬಳೇ. ಆ ಸಾಲಿನಲ್ಲಿ ಹೆಸರಿದ್ದವರಿಗೆ ಮಾತ್ರ ಪ್ರಯಾಣಿಕರು; ಹೆಸರು ಹೋದರೆ ವ್ಯಾನಿದ್ದೂ ಇಲ್ಲದ ಹಾಗೆ. ಹಳೆಯ ಕ್ಲಚ್ ಪ್ಲೇಟು ಸವೆದಿದ್ದರಿಂದ ಹೊಸದು ತಂದಿದ್ದಳು. ಉಸ್ತಾ ಗ್ರೀಸ್ ಒರೆಸುವುದನ್ನು ನೋಡುತ್ತ ನಿಂತವಳು, ತಾನು ಸಾರಿಗೆ ಉಪ್ಪು ಹಾಕುವಾಗಲೂ ಇಷ್ಟು ಯೋಚಿಸುವುದಿಲ್ಲ ಎಂದಳು. ಅದಕ್ಕೇ ನಿನ್ನ ಮನೆಗೆ ಯಾರೂ ಊಟಕ್ಕೆ ಬರುವುದಿಲ್ಲ ಎಂದು ಉಸ್ತಾ ನಕ್ಕರು.

ಹನ್ನೊಂದು ಗಂಟೆಗೆ ತಂಗಿಯ ಮನೆಯಿಂದ ಕರೆ ಬಂತು. ಎರಡು ಮನೆ ಆಚೆ ತಂಗಿಯ ಮಗಳ ನಿಶ್ಚಯ. ಬೀಗರು ಬಂದು ಕೂತಿದ್ದರು. ಮಧ್ಯಾಹ್ನಕ್ಕೆ ಬರಬೇಕಾದವರು, ದಾರಿಯಲ್ಲಿ ಹಿಮ ಬೀಳಬಹುದೆಂದು ಬೇಗ ಹೊರಟಿದ್ದರು. ಉಸ್ತಾ ಹೆಣ್ಣಿನ ಸೋದರಮಾವ, ಮನೆಗೆ ಹಿರಿಯರು. ಅವರಿಲ್ಲದೆ ಶಾಸ್ತ್ರ ನಡೆಯುವುದಿಲ್ಲ. ಬುರುಲ್‌ಗೆ ಎರಡು ಗಂಟೆಗೆ ಕೊಚ್ಕೋರ್‌ನ ಸರದಿ ಇತ್ತು. ಒಂದೂವರೆ ಗಂಟೆಯಲ್ಲಿ ಬಂದೆ ಎಂದು ಹೇಳಿ, ಗ್ರೀಸಿನ ಕೈಯನ್ನು ಬಿಸಿನೀರು, ಸೋಪಿನಲ್ಲಿ ಎರಡು ಸಲ ತಿಕ್ಕಿ ತೊಳೆದು, ಒಳ್ಳೆಯ ಕೋಟು ಹಾಕಿಕೊಂಡು ಹೋದರು.

ನಮ್ಮಲ್ಲಿ ನಿಶ್ಚಯದ ಗುರುತು ಕುರಿಬಾಲದ ಕೊಬ್ಬು ಮತ್ತು ಯಕೃತ್ತು. ಎರಡನ್ನೂ ತೆಳ್ಳಗೆ ಹೆಚ್ಚಿ, ಒಂದರ ಮೇಲೊಂದಿಟ್ಟು, ಹಿರಿಯರು ಬೀಗರ ಬಾಯಿಗೆ ಕೈಯಾರೆ ತಿನ್ನಿಸಬೇಕು. ತಿಂದ ಮೇಲೆ ಮಾತು ಮುರಿಯುವ ಹಾಗಿಲ್ಲ. ಅಂದು ಬೀಗರು ಒಂಬತ್ತು ಜನ. ಉಸ್ತಾ ಒಂಬತ್ತು ಜನಕ್ಕೂ ತಿನ್ನಿಸಿದರು. ವರನ ದೊಡ್ಡಪ್ಪ ತಮಾಷೆಯ ಮನುಷ್ಯ. ಒಂದೇ ತುತ್ತಾದರೆ ನೆಂಟಸ್ತಿಕೆ ಕುಂಟುತ್ತದೆ ಎಂದು ಎರಡನೇ ಸುತ್ತು ಮಾಡಿಸಿದ. ಹದಿನೆಂಟು ತುತ್ತು. ಉಸ್ತಾನ ಹತ್ತೂ ಬೆರಳು, ಅಂಗೈ ಎಲ್ಲ ಕೊಬ್ಬಾಯಿತು. ಊಟ ಮುಗಿದ ಮೇಲೆ ತಂಗಿಯ ಕಿರಿ ಸೊಸೆ ತಾಮ್ರದ ಹೂಜಿಯಿಂದ ಎಲ್ಲರ ಕೈಗೂ ಮೂರು ಮೂರು ಸಲ ನೀರು ಸುರಿದಳು. ಒಂದೇ ಟವಲು ಕೈಯಿಂದ ಕೈಗೆ ಹೋಯಿತು. ಉಸ್ತಾನ ಹತ್ತಿರ ಬರುವ ಹೊತ್ತಿಗೆ ಅದು ಹನ್ನೆರಡು ಜನರ ಕೈ ಒರೆಸಿತ್ತು. ಹರಕೆ ಹೇಳಿ, ಅಂಗೈಯನ್ನು ಮುಖಕ್ಕೆ ಸವರಿಕೊಂಡು ಎದ್ದರು.

ಕುರಿಯ ಕೊಬ್ಬು ಕರಗಲು ನಲವತ್ತು ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು. ಹೂಜಿಯಲ್ಲಿದ್ದದ್ದು ಬಾವಿಯ ನೀರು.

ಹನ್ನೆರಡೂ ಮುಕ್ಕಾಲಿಗೆ ಉಸ್ತಾ ಷೆಡ್ಡಿಗೆ ವಾಪಸಾದರು. ಬುರುಲ್ ಗಡಿಯಾರ ನೋಡುತ್ತಿದ್ದಳು. ಅಂಗಳ ದಾಟುವಷ್ಟರಲ್ಲಿ ಅವರ ಬೆರಳು ಮರಗಟ್ಟಿದ್ದವು, ಅಂಟು ಗೊತ್ತಾಗಲಿಲ್ಲ. ಕೈ ತೊಳೆಯುವುದನ್ನು ಅವರು ಮರೆತರು ಎಂದರೆ ತಪ್ಪಾಗುತ್ತದೆ. ಮರೆಯಲಿಲ್ಲ. ಈಗಷ್ಟೇ ಬೀಗರೆಲ್ಲರ ಎದುರಿಗೆ ತೊಳೆದು ಬಂದಿದ್ದರು. ಆ ಯೋಚನೆಯಲ್ಲೇ ಹೊಸ ಪ್ಲೇಟನ್ನು ಕಾಗದದಿಂದ ಬಿಚ್ಚಿ, ಎರಡೂ ಕೈಯಲ್ಲಿ ರೊಟ್ಟಿಯ ತಟ್ಟೆ ಹಿಡಿದ ಹಾಗೆ ಹಿಡಿದು, ಎಂಜಿನ್ನಿನ ಚಕ್ರಕ್ಕೆ ಒತ್ತಿದರು. ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ನಡುವಿನ ತೂತಿಗೆ ಮರದ ಗೂಟ ಸೇರಿಸಿ ಸಮ ಮಾಡಿದರು. ಒತ್ತುಬಿಲ್ಲೆಯ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಗೇರ್‌ಬಾಕ್ಸನ್ನು ಜಾಕಿನ ಮೇಲೆ ಏರಿಸುವಾಗ ಬುರುಲ್ ತಾನೂ ಹೆಗಲು ಕೊಟ್ಟಳು. ಎರಡು ಗಂಟೆ ಐದು ನಿಮಿಷಕ್ಕೆ ವ್ಯಾನು ಅಂಗಳದಿಂದ ಹೊರಟಿತು.

ನಾಲ್ಕು ದಿನ ಕಳೆದ ಮೇಲೆ, ಬುಧವಾರ, ಬುರುಲ್ ಉಸ್ತಾನನ್ನು ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹಿಡಿದಳು. ಹತ್ತು ಹನ್ನೆರಡು ಚಾಲಕರು ಒಲೆಯ ಸುತ್ತ ಕೂತಿದ್ದರು.

"ಹೊರಡೋವಾಗ ಗಾಡಿ ನಡುಗುತ್ತೆ ಉಸ್ತಾ. ಮೊದಲನೇ ಗೇರಲ್ಲಿ ಮಾತ್ರ. ಒಂದ್ಸಲ ಇಳಿಸಿ ನೋಡ್ತೀರಾ?"

"ಇಳಿಸೋದೇನಿದೆ ಅದರಲ್ಲಿ? ಎಡಗಾಲು ಎಲ್ಲಿಡ್ತೀಯ ನೀನು?"

"ನೆಲದ ಮೇಲೆ."

"ನೆಲದ ಮೇಲೋ, ಪೆಡಲ್ ಮೇಲೋ?"

"ನೆಲ ಅಂದ್ನಲ್ಲ. ನಿಮ್ಮ ಷೆಡ್ಡಲ್ಲಿ ನೆಲ ಪೆಡಲ್ ಮೇಲಿರುತ್ತಾ?"

ಚಾಲಕರು ನಕ್ಕರು. ಆದರೆ ಕೆಂಜೆ ಎಂಬ ಚಾಲಕ, ಬಾಯಿಗೆ ಬೀಗವಿಲ್ಲದವನು, ಎಜೆಗೆ ಮನೆಯಲ್ಲಿ ಹೊಲಿಗೆ ಮೆಷಿನ್ ತುಳಿದು ಅಭ್ಯಾಸವಾಗಿರಬೇಕು, ಕಾಲು ಸುಮ್ಮನಿರುವುದಿಲ್ಲ ಎಂದಾಗ ಇನ್ನೂ ಜೋರಾಗಿ ನಕ್ಕರು. ಉಸ್ತಾನೂ ನಕ್ಕರು. ಎಜೆ ಎಂದರೆ ಅಕ್ಕ. ಗೌರವದ ಆ ಮಾತಿನಲ್ಲೇ ಸುತ್ತಿ ಕೊಟ್ಟ ಕುಟುಕು ಅದು. ಬುರುಲ್ ಹೊರಗೆ ಹೋದಳು.

ಬಿಚ್ಚಿ ನೋಡಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಆದರೆ ನಾಲ್ಕು ಗಂಟೆ ಕಾರಣವಾಗಿರಲಿಲ್ಲ. ಬಿಚ್ಚುತ್ತೇನೆ ಎಂದರೆ, ತಮ್ಮ ಕೈಯೂ ತಪ್ಪಬಹುದು ಎಂದು ಅಷ್ಟು ಜನರ ಮುಂದೆ ಒಪ್ಪಿದ ಹಾಗಾಗುತ್ತಿತ್ತು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಕ್ಲಚ್ಚು ಹಾಳಾಗುವುದು ನಿಜ. ಅವರು ಏರಿಸಿದ ಕ್ಲಚ್ಚು ಬೇಗ ಹೋದಾಗಲೆಲ್ಲ ಅವರು ಹೇಳುತ್ತಿದ್ದದ್ದು ಅದನ್ನೇ: ಕಾಲಿನ ತಪ್ಪು. ಊರು ನಂಬುತ್ತಿತ್ತು.

ಆ ಭಾನುವಾರ, ಹತ್ತೊಂಬತ್ತನೇ ತಾರೀಕು, ದೊಲೊನ್‌ನ ಏರಿನಲ್ಲಿ, ತುದಿಗೆ ಇನ್ನು ಮೂರು ಕಿಲೋಮೀಟರ್ ಇರುವಾಗ ಬುರುಲ್‌ಳ ವ್ಯಾನಿನ ಎಂಜಿನ್ನು ಚೀರಿಕೊಂಡಿತು, ಗಾಡಿ ಮುಂದೆ ಹೋಗಲಿಲ್ಲ. ಕ್ಲಚ್ಚು ಪೂರ್ತಿ ಜಾರಿತ್ತು. ಒಳಗೆ ಹನ್ನೆರಡು ಜನ, ಅವರಲ್ಲಿ ಏಳು ತಿಂಗಳ ಕೂಸೊಂದು. ಕಲ್ಲಿದ್ದಲಿನ ಲಾರಿ ಬಂದು ಕಟ್ಟಿ ಎಳೆಯುವವರೆಗೆ ಎರಡು ಗಂಟೆ. ಬುರುಲ್ ಎಂಜಿನ್ ನಿಲ್ಲಿಸದೆ ಬಿಸಿಗಾಳಿ ಓಡಿಸಿ, ತನ್ನ ಕೋಟನ್ನು ಕೂಸಿಗೆ ಹೊದಿಸಿ, ತಾನು ಬರೀ ಉಣ್ಣೆಯಂಗಿಯಲ್ಲಿ ರಸ್ತೆಯಲ್ಲಿ ನಿಂತು ಕೈ ಬೀಸುತ್ತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಕೂಸಿನ ಅಜ್ಜಿ ಸ್ಟ್ಯಾಂಡಿಗೆ ಬಂದು ಅಂಗಳದ ನಡುವೆ ನಿಂತು ಶಾಪ ಹಾಕಿ ಹೋದಳು.

ಸಾಲಿನ ಪಟ್ಟಿ ಇಟ್ಟುಕೊಂಡಿದ್ದವರು ದಾಯಿರ್‌ಬೆಕ್, ಹಿರಿಯ ಚಾಲಕ, ನ್ಯಾಯಸ್ಥ. ಅವರು ಉಸ್ತಾನನ್ನೇ ಕರೆಸಿ ಎಲ್ಲರ ಮುಂದೆ ಕೇಳಿದರು. ಕ್ಲಚ್ಚು ಎಂಟು ದಿನಕ್ಕೆ ಯಾಕೆ ಹೋಯಿತು?

"ಗ್ರೀಸು ಹಚ್ಚಿದ ಕೈ ನಂದು," ಎಂದರು ಉಸ್ತಾ. "ಆ ಕೈ ಸರಿಯಾಗಿದೆ. ಕಾಲು ಅವಳದು."

ದಾಯಿರ್‌ಬೆಕ್ ಪಟ್ಟಿಯಲ್ಲಿ ಬುರುಲ್‌ಳ ಹೆಸರಿಗೆ ಗೆರೆ ಎಳೆದರು. ಆ ವಾರವೇ ಅವಳು ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬಟ್ಟಲು ತೊಳೆಯುವ ಕೆಲಸಕ್ಕೆ ನಿಂತಳು.

ವ್ಯಾನನ್ನು ಉಸ್ತಾನ ಅಂಗಳಕ್ಕೇ ಎಳೆದು ತಂದಿದ್ದರು, ಅಲ್ಲದೆ ಬೇರೆಲ್ಲಿಗೆ? ಒಂಬತ್ತು ದಿನ ಅದು ಹಿಮ ಹೊದ್ದು ನಿಂತಿತು. ಇಪ್ಪತ್ತೆಂಟರ ಮಧ್ಯಾಹ್ನ ಬೇರೆ ಕೆಲಸ ಇಲ್ಲದಾಗ ಉಸ್ತಾ ಅದನ್ನು ಒಳಗೆ ತಳ್ಳಿಸಿ ಗೇರ್‌ಬಾಕ್ಸ್ ಇಳಿಸಿದರು. ತಾವು ಹೇಳಿದ್ದು ಸರಿ ಎಂದು ಕಣ್ಣಿಂದ ಕಂಡು ಮುಗಿಸಿಬಿಡುವ ಮನಸ್ಸಿತ್ತು.

ಮೊದಲು ರಿಲೀಸ್ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಸದ್ದಿಲ್ಲ. ಬಣ್ಣ ಬದಲಾಗಿಲ್ಲ. ಪೆಡಲಿನ ಮೇಲೆ ಕಾಲಿಟ್ಟು ಓಡಿಸಿದ್ದರೆ ಮೊದಲು ಸಾಯುವುದು ಆ ಬೇರಿಂಗು. ಇದು ಹೊಸದರ ಹಾಗೇ ಇತ್ತು. ಎಂಜಿನ್ನಿನ ಹಿಂದಿನ ಆಯಿಲ್ ಸೀಲಿನಿಂದ ಎಣ್ಣೆ ಸೋರಿರಲಿಲ್ಲ. ಗೇರ್‌ಬಾಕ್ಸಿನ ಸೀಲಿನಿಂದಲೂ ಸೋರಿರಲಿಲ್ಲ. ಶಾಫ್ಟಿನ ಹಲ್ಲಿನ ಮೇಲೆ ಅವರೇ ಬಿಟ್ಟಿದ್ದ ತೆಳು ಹೊಳಪು ಇದ್ದ ಹಾಗೇ ಇತ್ತು, ಒಂದು ಹನಿಯೂ ಸಿಡಿದಿರಲಿಲ್ಲ. ಎಣ್ಣೆ ಸೋರಿ ಬಂದಿದ್ದರೆ ನಡುವಿನಿಂದ ಅಂಚಿಗೆ ಗೆರೆಗೆರೆಯಾಗಿ ಹರಡಿರಬೇಕಿತ್ತು. ಪ್ಲೇಟಿನ ನಡುಭಾಗ ಸ್ವಚ್ಛವಾಗಿತ್ತು.

ಅಂಚಿನ ಹತ್ತಿರ ಮಾತ್ರ ಕಪ್ಪು, ಗಾಜಿನಂತೆ ಹೊಳೆಯುವ ಮಚ್ಚೆಗಳಿದ್ದವು. ಎಂಜಿನ್ನಿನ ಕಡೆಯ ಮುಖದಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ತಿರುಗಿಸಿದರು. ಈಚೆಯ ಮುಖದಲ್ಲಿ ಎರಡೇ, ಎದುರುಬದುರು, ಮಿಕ್ಕವಕ್ಕಿಂತ ದೊಡ್ಡವು.

ಅವರು ಪ್ಲೇಟನ್ನು ಎರಡೂ ಕೈಯಲ್ಲಿ ಅಂದಿನ ಹಾಗೇ ಹಿಡಿದರು. ಹಿಡಿದಲ್ಲಿ ಹೆಬ್ಬೆರಳು ಹೆಬ್ಬೆರಳಿನದೇ ಮಚ್ಚೆಯ ಮೇಲೆ ಕೂತಿತ್ತು.

ಆದರೂ ಅವರು ಪರೀಕ್ಷೆ ಮಾಡಿದರು. ಬ್ಲೇಡಿನಿಂದ ಒಂದು ಮಚ್ಚೆಯನ್ನು ಕೆರೆದು, ಉದುರಿದ್ದನ್ನು ಬಿಸಿ ಒಲೆಯ ಮುಚ್ಚಳದ ಮೇಲೆ ಹಾಕಿದರು. ಖನಿಜದ ಗ್ರೀಸು ಸುಟ್ಟರೆ ಬರುವ ವಾಸನೆ ಮೂವತ್ತೊಂದು ವರ್ಷದಿಂದ ಗೊತ್ತಿದ್ದದ್ದು. ಇದು ಅದಾಗಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಕಾಲಿಪಾ ಚಹಾ ತೆಗೆದುಕೊಂಡು ಷೆಡ್ಡಿನ ಬಾಗಿಲು ದೂಡಿದರು.

"ಯಾರಿಲ್ಲಿ ಕುರಿಬಾಲ ಹುರೀತಿರೋದು?" ಎಂದರು. "ಹಸಿವಾದ್ರೆ ಮನೆಗೆ ಬರೋಕೇನು?"

ಕಾಲಿಪಾ ಗಂಡನ ಮುಖ ನೋಡಿ ಬಟ್ಟಲನ್ನು ಕೆಳಗಿಟ್ಟರು. ಪ್ಲೇಟನ್ನು ತೋರಿಸಿ ಉಸ್ತಾ ಎಲ್ಲ ಹೇಳಿದ ಮೇಲೆ ಆಕೆ, ಈಗ ಯಾರಿಗೂ ಹೇಳಬೇಡಿ ಎಂದರು. ಬೀಗರಿಗೆ ತಿನ್ನಿಸಿದ ಕೊಬ್ಬಿನಿಂದ ಹನ್ನೆರಡು ಜನ ಹಿಮದಲ್ಲಿ ಸಿಕ್ಕಿಕೊಂಡರು ಎಂದು ಊರು ಆಡಿಕೊಂಡರೆ, ಆ ಹುಡುಗಿಯ ನಿಶ್ಚಯಕ್ಕೇ ಅಪಶಕುನದ ಮಾತು ಅಂಟುತ್ತದೆ. ಮದುವೆ ಮೇ ತಿಂಗಳಲ್ಲಿ. ಅದು ಮುಗಿಯಲಿ.

ಕಾಲಿಪಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಉಸ್ತಾನಿಗೆ ನಾಚಿಕೆಯಾದದ್ದು ಆ ಮಾತು ಕೇಳಿ ತಮಗೆ ಹಗುರವಾಯಿತಲ್ಲ ಎಂಬುದಕ್ಕೆ. ಒಂದು ಕಾರಣ ಸಿಕ್ಕಿತ್ತು. ಆರು ದಿನ ಅವರು ಆ ಕಾರಣವನ್ನು ಹೊದ್ದುಕೊಂಡು ಮಲಗಿದರು. ಸ್ಟ್ಯಾಂಡಿನ ದಾರಿ ಬಿಟ್ಟು ಹೊಳೆದಂಡೆಯ ದಾರಿ ಹಿಡಿದರು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುವ ಕೆಲಸವನ್ನು ಹೆಂಡತಿಗೆ ಬಿಟ್ಟರು. ಹಿರಿಯರು ಮುರಿಯಬೇಕಾದ ರೊಟ್ಟಿ. ಷೆಡ್ಡಿನಲ್ಲಿ ಗಂಟೆಗೊಮ್ಮೆ ಸೋಪು ಹಾಕಿ ಕೈ ತೊಳೆದು, ಗೆಣ್ಣುಗಳು ಬಿರಿದು ರಕ್ತ ಬಂತು. ಹಳೆಯ ಗಿರಾಕಿಯೊಬ್ಬ ಬಂದು ನಿಮ್ಮ ಕೈ ಬಂಗಾರ ಉಸ್ತಾ ಎಂದಾಗ, ಉಪಕರಣ ಹುಡುಕುವ ನೆಪದಲ್ಲಿ ವ್ಯಾನಿನ ಅಡಿಗೆ ನುಸುಳಿ, ಅವನು ಹೋಗುವವರೆಗೆ ಹೊರಗೆ ಬರಲಿಲ್ಲ.

ಈ ನಡುವೆ ತಾವೇ ಹೊಸ ಪ್ಲೇಟು ತರಿಸಿ ವ್ಯಾನಿಗೆ ಹಾಕಿದರು. ಕೈ ತೊಳೆದರು, ಒರೆಸಿದರು, ಹೊಸ ಹತ್ತಿಯ ಕೈಗವಸು ಹಾಕಿಕೊಂಡರು. ಗಾಡಿ ಸರಿಯಾಯಿತು. ಆಮೇಲೆ ಅವರು ಮಾಡಿದ್ದು, ಅವರ ಮಾತಿನಲ್ಲೇ ಹೇಳುವುದಾದರೆ, ಮೊದಲಿನದಕ್ಕಿಂತ ಹೊಲಸು ಕೆಲಸ.

ಫೆಬ್ರವರಿ ನಾಲ್ಕರಂದು ಅವರು ಚಹಾದಂಗಡಿಗೆ ಹೋಗಿ ದಾಯಿರ್‌ಬೆಕ್‌ರ ಪಕ್ಕದಲ್ಲಿ ಕೂತರು. ಬುರುಲ್ ಪರದೆಯ ಹಿಂದೆ ಬಟ್ಟಲು ತೊಳೆಯುತ್ತಿದ್ದಳು. ಅವಳಿಗೆ ಕೇಳದ ಹಾಗೆ ಮಾತಾಡುತ್ತಿದ್ದೇನೆ ಎಂದು ಅವರು ತಿಳಿದಿದ್ದರು.

"ಹೆಣ್ಣುಮಗಳು, ತಿಳೀದೆ ಆಗಿದೆ," ಎಂದರು. "ಈ ಸಲ ಬಿಟ್ಬಿಡಿ. ಸಾಲಿಗೆ ಸೇರಿಸ್ಕೊಳ್ಳಿ. ಪೆಡಲ್ ಹೇಗೆ ತುಳೀಬೇಕು ಅಂತ ನಾನೇ ಕೂರಿಸಿ ಕಲಿಸ್ತೀನಿ."

ದಾಯಿರ್‌ಬೆಕ್ ಉಸ್ತಾನ ಭುಜದ ಮೇಲೆ ಕೈಯಿಟ್ಟರು. "ದೊಡ್ಡ ಮನಸ್ಸು ಉಸ್ತಾ ನಿಮ್ಮದು. ಇನ್ನೊಬ್ಬನಾಗಿದ್ರೆ ನನ್ನ ಹೆಸರು ಕೆಡಿಸಿದಳು ಅಂತ ಅಂಗಳದಲ್ಲಿ ಗಾಡಿ ನಿಲ್ಲೋಕೂ ಬಿಡ್ತಿರ್ಲಿಲ್ಲ."

ಅಲ್ಲಿದ್ದ ಚಾಲಕರೆಲ್ಲ ಹೌದೆಂದರು. ಪರದೆ ಸರಿಯಿತು. ಬುರುಲ್ ಒದ್ದೆ ಕೈಯಲ್ಲೇ ಹೊರಗೆ ಬಂದಿದ್ದಳು.

"ದಾಯಿರ್‌ಬೆಕ್ ಬಾಯ್ಕೆ," ಎಂದಳು. ಬಾಯ್ಕೆ ಎಂದರೆ ಅಣ್ಣ. "ನನ್ನ ಹೆಸರು ಬರೀಬೇಡಿ. ತಪ್ಪು ಮಾಡಿ ಮಾಫಿ ಆದೋಳು ಅಂತ ಬರೆಸ್ಕೊಂಡು ನಾನು ಗಾಡಿ ಓಡ್ಸಲ್ಲ. ನನ್ನ ಕಾಲು ನೆಲದ ಮೇಲೇ ಇತ್ತು. ಅಷ್ಟು ಒಪ್ಪಿದ್ರೆ ಬರ್ತೀನಿ. ಇಲ್ದಿದ್ರೆ ಬಟ್ಟಲು ತೊಳೀತೀನಿ, ಇದಕ್ಕೇನೂ ಕ್ಲಚ್ಚಿಲ್ಲ."

ಅವಳು ಕೆಟಲು ತೆಗೆದುಕೊಂಡು ಉಸ್ತಾನ ಬಟ್ಟಲಿಗೆ ಚಹಾ ಹಾಕಿದಳು. ನಮ್ಮಲ್ಲಿ ಮರ್ಯಾದೆಯವರಿಗೆ ಅರ್ಧ ಬಟ್ಟಲು ಹಾಕುತ್ತಾರೆ, ಮತ್ತೆ ಮತ್ತೆ ಹಾಕಿಕೊಡುವ ನೆಪ ಉಳಿಯಲೆಂದು. ತುಂಬ ಹಾಕಿದರೆ ಕುಡಿದು ಎದ್ದುಹೋಗು ಎಂದರ್ಥ. ಅವಳು ಅಂಚಿನವರೆಗೆ ತುಂಬಿಸಿದಳು. ಉಸ್ತಾ ಅದನ್ನು ಕುಡಿದರು, ಒಂದೇ ಸಲಕ್ಕೆ, ಬಾಯಿ ಸುಟ್ಟುಕೊಂಡು, ಎದ್ದು ಹೋದರು.

ಆ ಸಂಜೆ ಅವರು ತಂಗಿಯ ಮನೆಗೆ ಹೋಗಿ ಇದ್ದದ್ದನ್ನು ಹೇಳಿದರು. ತಂಗಿ ಅತ್ತಳು. ನಿಶ್ಚಯವಾದ ಹುಡುಗಿ ಮಾತ್ರ, ವರನ ದೊಡ್ಡಪ್ಪನ ಎರಡನೇ ಸುತ್ತಿನದೇ ತಪ್ಪು, ಮಾವನದಲ್ಲ ಎಂದಳಂತೆ. ಅಪಶಕುನ ಎನ್ನುವವರು ಮದುವೆಗೆ ಬಂದು ತಿನ್ನದೆ ಹೋಗುತ್ತಾರೇನು ಎಂದೂ ಕೇಳಿದಳಂತೆ. ಉಸ್ತಾನಿಗೆ ನಗು ಬರಲಿಲ್ಲ. ಆದರೆ ಅವರ ಕೈಯಲ್ಲಿದ್ದ ಕೊನೆಯ ನೆಪವೂ ಅಲ್ಲಿಗೆ ಹೋಯಿತು.

ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಸ್ಟ್ಯಾಂಡಿನಲ್ಲಿ ಸರದಿಯ ಕರೆ ನಡೆಯುತ್ತಿತ್ತು. ಕೊಚ್ಕೋರ್‌ಗೆ ಹೋಗಬೇಕಾಗಿದ್ದ ನಾನೂ ಅಲ್ಲಿದ್ದೆ. ಉಸ್ತಾ ವೃತ್ತಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು, ದಾಯಿರ್‌ಬೆಕ್‌ರ ಗಾಡಿಯ ಮೂತಿಯ ಮೇಲೆ ಇಟ್ಟು ಬಿಚ್ಚಿದರು. ಬುರುಲ್‌ಳನ್ನೂ ಕರೆಯಿರಿ ಎಂದರು. ಅವಳು ಅಂಗಡಿಯ ಬಾಗಿಲಿಗೆ ಬಂದು ನಿಂತಳು, ಮುಂದೆ ಬರಲಿಲ್ಲ.

ಉಸ್ತಾ ಕೈಗವಸು ಕಳಚಿ, ಬಿರಿದ ಕೈಗಳಿಂದ ಪ್ಲೇಟನ್ನು ಎತ್ತಿ ಹಿಡಿದರು. ಮಚ್ಚೆಯ ಮೇಲೆ ಒಂದೊಂದೇ ಬೆರಳು ಇಟ್ಟರು. ಧ್ವನಿ ಸಣ್ಣದಾಗಿತ್ತು. ಹಿಂದೆ ನಿಂತವರು ಕೇಳಿಸಲಿಲ್ಲ ಎಂದಾಗ ಮತ್ತೆ ಮೊದಲಿನಿಂದ ಹೇಳಿದರು.

"ಇದು ಕುರಿಬಾಲದ ಕೊಬ್ಬು. ಬೀಗರಿಗೆ ತಿನ್ನಿಸಿದ ಕೈಯಲ್ಲೇ ಬಂದು ಪ್ಲೇಟ್ ಹಿಡಿದೆ. ಸೋಪ್ ಹಾಕಲಿಲ್ಲ. ನಡುಗುತ್ತೆ ಅಂತ ಅವಳು ಬಂದು ಹೇಳಿದಾಗ ಬಿಚ್ಚಿದ್ರೆ ಅವತ್ತೇ ಗೊತ್ತಾಗ್ತಿತ್ತು. ಬಿಚ್ಚಲಿಲ್ಲ. ಗೊತ್ತಾದ ಮೇಲೂ ಎಂಟು ದಿನ ಸುಮ್ನಿದ್ದೆ. ನಿನ್ನೆ ಅವಳನ್ನ ಕ್ಷಮಿಸಿ ಅಂತ ನಿಮ್ಮನ್ನ ಕೇಳಿದ್ದು, ಇದೆಲ್ಲ ಗೊತ್ತಿದ್ದೇ ಕೇಳಿದ್ದು. ಅವಳ ಕಾಲಲ್ಲಿ ತಪ್ಪಿರ್ಲಿಲ್ಲ."

ಮೂವತ್ತು ಎಂಜಿನ್ನುಗಳಲ್ಲಿ ಒಂದೆರಡು ಮಾತ್ರ ಓಡುತ್ತಿದ್ದವು. ಕೆಂಜೆ, ಹಾಗಾದರೆ ಆ ಕ್ಲಚ್ಚಿಗೂ ಬೀಗರೂಟ ಆಯಿತು ಎಂದ. ಯಾರೂ ನಗದಿದ್ದನ್ನು ಕಂಡು ತಾನೇ ತಲೆ ತಗ್ಗಿಸಿದ. ದಾಯಿರ್‌ಬೆಕ್ ಪ್ಲೇಟನ್ನು ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು. ಮೂಸಿಯೂ ನೋಡಿದರು. ಆಮೇಲೆ ಜೇಬಿನಿಂದ ಪಟ್ಟಿ ತೆಗೆದು, ಗೆರೆ ಎಳೆದಿದ್ದ ಹೆಸರನ್ನು ಕೆಳಗೆ ಹೊಸದಾಗಿ ಬರೆದು, ಅದನ್ನು ಗಟ್ಟಿಯಾಗಿ ಓದಿದರು. ಇವತ್ತಿನ ಆರನೇ ಸರದಿ ಬುರುಲ್‌ಳದು. ಚಳಿಯಲ್ಲಿ ಯಾರ ಕೈಗೆ ತಾನೇ ಅಂಟು ಗೊತ್ತಾಗುತ್ತದೆ, ಆದದ್ದು ಆಯಿತು ಎಂದು ಉಸ್ತಾನ ಕಡೆಗೂ ಒಂದು ಮಾತು ಸೇರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಉಸ್ತಾನ ಕಿವಿ ಕೆಂಪಾಗಿತ್ತು, ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಆಗ ಬುರುಲ್ ಅಂಗಡಿಯ ಮೆಟ್ಟಿಲಿಳಿದು ಬಂದಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ತೀರ ದಣಿದವರು ದಾರಿ ಕೇಳುವ ಹಾಗೆ ಕೇಳಿದಳು.

"ಉಸ್ತಾ, ಒಂದು ಮಾತು. ಬಿಚ್ಚಿ ನೋಡ್ದೆ ಕಾಲಿನ ತಪ್ಪು ಅಂತ ಇನ್ನೆಷ್ಟು ಜನಕ್ಕೆ ಹೇಳಿದೀರಿ?"

ದಾಯಿರ್‌ಬೆಕ್ ನಡುವೆ ಬಂದು, ಹಳೆಯದೆಲ್ಲ ಈಗ ಯಾಕೆ, ಸರದಿ ಹೊತ್ತಾಗುತ್ತಿದೆ ಎಂದರು. ಉಸ್ತಾ ಕೈಯೆತ್ತಿ ಅವರನ್ನು ತಡೆದರು. ಅವರ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಹೆಬ್ಬೆರಳು ಮಿಕ್ಕ ಬೆರಳುಗಳ ಗೆಣ್ಣು ದಾಟಿಕೊಂಡು ಹೋಗುತ್ತಿತ್ತು, ಒಂದು ಗೆಣ್ಣಿಗೆ ಒಬ್ಬರು. ಒಂದೆರಡು ಕಡೆ ಅದು ನಿಂತು, ಹಿಂದಕ್ಕೆ ಬಂದು, ಮತ್ತೆ ಮುಂದೆ ಹೋಯಿತು. ಆ ಸಾಲಿನಲ್ಲೇ ನಿಂತಿದ್ದ ಇಬ್ಬರು ಮೂವರು ಚಾಲಕರು, ತಮ್ಮ ಹೆಸರಿನ ಗೆಣ್ಣು ಬರುವುದನ್ನು ಕಾಯುತ್ತಿರುವವರಂತೆ, ಅವರ ಕೈಯನ್ನೇ ನೋಡುತ್ತಿದ್ದರು. ನಾವೆಲ್ಲ ಕಾದೆವು. ಟಿಕೇಟು ಹಿಡಿದ ಮುದುಕಿಯೊಬ್ಬಳೂ ಕಾದಳು.

ಕೊನೆಗೆ ಅವರು ತಲೆಯೆತ್ತಿ ಬುರುಲ್‌ಳನ್ನು ನೋಡಿದರು. ಆ ಬೆಳಿಗ್ಗೆ ಸರಿಯಾಗಿ ಅವಳ ಮುಖ ನೋಡಿದ್ದು ಅದೇ ಮೊದಲು.

"ನಿನ್ನನ್ನ ಬಿಟ್ಟು," ಎಂದರು, "ಇಪ್ಪತ್ತಾರು."